ಅಳು ಸೋಸುವ ಜರಡಿ

ಹುಬ್ಬಳ್ಳಿಯ ತುರ್ತು ಕರೆ ಕೇಂದ್ರದಲ್ಲಿ ಅಳು ನಿಂತು ಹದಿನಾಲ್ಕು ತಿಂಗಳಾಗಿತ್ತು.

ಜನ ಸಾಯುವುದು ನಿಂತಿರಲಿಲ್ಲ. ಏಳು ಜಿಲ್ಲೆಗಳಿಂದ ಆಂಬುಲೆನ್ಸಿಗಾಗಿ ಬರುವ ಕರೆಗಳೂ ಕಡಿಮೆಯಾಗಿರಲಿಲ್ಲ. ಟ್ರ್ಯಾಕ್ಟರುಗಳು ಮಗುಚುತ್ತಿದ್ದವು, ಕೃಷಿ ಹೊಂಡಗಳಲ್ಲಿ ಮಕ್ಕಳು ಮುಳುಗುತ್ತಿದ್ದರು, ಹೆರಿಗೆಗಳು ನಡುದಾರಿಯಲ್ಲಿ ಆಗುತ್ತಿದ್ದವು. ಫೋನಿನ ಆ ತುದಿಯಲ್ಲಿ ತಾಯಂದಿರು ಮೊದಲಿನ ಹಾಗೆಯೇ ಎದೆ ಬಡಿದುಕೊಳ್ಳುತ್ತಿದ್ದರು. ಈ ತುದಿಯಲ್ಲಿ ಮಾತ್ರ ಅದು ಕೇಳಿಸುತ್ತಿರಲಿಲ್ಲ. ನಡುವೆ ಒಂದು ಯಂತ್ರ ಕೂತಿತ್ತು.

ಕಂಪನಿ ಅದಕ್ಕೆ ಇಟ್ಟ ಹೆಸರು ಹಿತವಾಣಿ. ಅಲ್ಲಿ ಕೆಲಸ ಮಾಡುವವರು ಕರೆಯುತ್ತಿದ್ದುದು ಜರಡಿ ಎಂದು. ಕರೆ ಮಾಡಿದವರ ದನಿಯಿಂದ ಮಾತನ್ನಷ್ಟೇ ಆರಿಸಿಕೊಂಡು, ಬಿಕ್ಕು, ನಡುಕ, ಚೀರಾಟ, ಏದುಸಿರು ಎಲ್ಲವನ್ನೂ ಸೋಸಿ ಅದು ಬದಿಗಿಡುತ್ತಿತ್ತು. ಒಂದು ಸೆಕೆಂಡಿನ ಮೂರನೇ ಒಂದು ಪಾಲು ಕಳೆಯುವಷ್ಟರಲ್ಲಿ ಅದೇ ಮಾತುಗಳನ್ನು ಸಮ ದನಿಯಲ್ಲಿ ಕಿವಿಗೆ ಹಾಕುತ್ತಿತ್ತು. ಗಂಡಸರಿಗೆಲ್ಲ ಒಂದು ದನಿ, ಹೆಂಗಸರಿಗೆಲ್ಲ ಒಂದು ದನಿ. ಸೋಸಿ ತೆಗೆದದ್ದು ಎಲ್ಲೂ ಹೋಗುತ್ತಿರಲಿಲ್ಲ. ನಾಳೆ ಕೋರ್ಟು ಕೇಳಿದರೆ ಬೇಕಾಗುತ್ತದೆಂದು ಮೂಲ ದನಿಯನ್ನು ಮೂರು ತಿಂಗಳು ಯಂತ್ರದ ಕೋಣೆಯಲ್ಲಿ ಜೋಪಾನವಾಗಿ ಇಡುತ್ತಿದ್ದರು.

ಯಂತ್ರವೇ ಕರೆ ತೆಗೆದುಕೊಳ್ಳುವ ಏರ್ಪಾಟನ್ನು ಹಿಂದೊಮ್ಮೆ ಮಾಡಿ ನೋಡಿದ್ದುಂಟು. ಮಾತಾಡುತ್ತಿರುವುದು ಯಂತ್ರವೆಂದು ಗೊತ್ತಾದ ಕೂಡಲೇ ಜನ ಫೋನ್ ಇಟ್ಟುಬಿಡುತ್ತಿದ್ದರು. ಸಾವು ಹೊಸ್ತಿಲಿಗೆ ಬಂದಾಗ ಮನುಷ್ಯ ಕೂಗುವುದು ಮನುಷ್ಯನನ್ನೇ. ಹಾಗಾಗಿ ಮನುಷ್ಯರನ್ನು ಕುರ್ಚಿಯಲ್ಲಿ ಉಳಿಸಿಕೊಂಡು, ಅವರ ಕಿವಿಗೆ ಯಂತ್ರ ಕಟ್ಟಿದರು.

ಬೆಳಗಿನ ಪಾಳಿಯ ಮೇಲ್ವಿಚಾರಕಿ ಕಸ್ತೂರಿ ಹಾದಿಮನಿ ಅಲ್ಲಿ ಹನ್ನೆರಡು ವರ್ಷದಿಂದ ಇದ್ದವಳು. ಜರಡಿ ಬರುವ ಮೊದಲಿನ ಕಾಲ ಅವಳಿಗೆ ಚೆನ್ನಾಗಿ ನೆನಪಿತ್ತು. ಆಗ ಕೇಂದ್ರದ ಹಿತ್ತಲಿನಲ್ಲಿ ಒಂದು ನಲ್ಲಿ ಇತ್ತು. ಮಾತಾಡುತ್ತಿರುವಾಗಲೇ ಆ ತುದಿಯಲ್ಲಿ ಜೀವ ಹೋಯಿತೆಂದರೆ, ಆ ಕರೆ ಹಿಡಿದವಳು ಎದ್ದು ಹಿತ್ತಲಿಗೆ ಹೋಗಿ ಕಾಲು ತೊಳೆದುಕೊಂಡು ಬರುತ್ತಿದ್ದಳು. ಮಣ್ಣಿಗೆ ಹೋಗಿ ಬಂದವರು ಮನೆಯೊಳಗೆ ಕಾಲಿಡುವ ಮುಂಚೆ ತೊಳೆದುಕೊಳ್ಳುವ ಹಾಗೆ. ಇದನ್ನು ಶುರು ಮಾಡಿದವಳು ನಿಂಗವ್ವ ಎಂಬ ಹಿರಿಯಳು, ಈಗ ನಿವೃತ್ತಳು. ಎದ್ದವಳ ಲೈನನ್ನು ಪಕ್ಕದವಳು ಹಿಡಿಯಬೇಕು, ಹತ್ತು ನಿಮಿಷ ಅವಳನ್ನು ಯಾರೂ ಮಾತಾಡಿಸಬಾರದು. ಇಷ್ಟೇ ನೇಮ. ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ, ಒಬ್ಬರೂ ತಪ್ಪಿಸುತ್ತಿರಲಿಲ್ಲ. ನೀರು ಪಾದದ ಮೇಲೆ ಬಿದ್ದಾಗ ಸತ್ತವರು ಅಲ್ಲೇ ಉಳಿಯುತ್ತಿದ್ದರು, ಬದುಕಿದವಳು ಒಳಗೆ ಬರುತ್ತಿದ್ದಳು.

ಆದರೂ ಕೆಲವರಿಗೆ ನಿದ್ದೆ ಹಾರಿತ್ತು. ಕೆಲವರು ಕೆಲಸ ಬಿಟ್ಟಿದ್ದರು. ಎಲ್ಲರೂ ಸೇರಿ ಕಂಪನಿಗೆ ಅರ್ಜಿ ಕೊಟ್ಟರು. ಕೇಳಿದ್ದು ದೊಡ್ಡದೇನಲ್ಲ. ಹತ್ತು ನಿಮಿಷದ ಬಿಡುವನ್ನು ಕಾಯಂ ಮಾಡಿ, ಮಕ್ಕಳ ಸಾವಿನ ಕರೆ ಹಿಡಿದವರಿಗೆ ಎರಡು ದಿನ ರಜೆ ಕೊಡಿ, ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರೊಬ್ಬರನ್ನು ಕರೆಸಿ. ಕಂಪನಿ ಆರು ತಿಂಗಳು ಯೋಚಿಸಿ ಜರಡಿ ತಂದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ.

ಕಸ್ತೂರಿಗೆ ಈಗ ಸಿಟ್ಟು ಬರುತ್ತಿದ್ದುದು ಕಂಪನಿಯ ಮೇಲಷ್ಟೇ ಅಲ್ಲ. ಆಯುಧ ಪೂಜೆಯ ದಿನ ಆ ಯಂತ್ರಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದವಳು ಅವಳೇ. ಯಂತ್ರ ಕಾಯದಂತೆ ತಂಪು ಮಾಡಲು ನೀರು ಬೇಕು, ಹಿತ್ತಲಿನ ನಲ್ಲಿಯ ಪೈಪು ತಗೊಳ್ತೀವಿ ಎಂದಾಗ ಆಗಲಿ ಎಂದು ಸಹಿ ಹಾಕಿದವಳೂ ಅವಳೇ. ಅಳುವೇ ಕೇಳಿಸದ ಮೇಲೆ ಕಾಲು ಯಾಕೆ ತೊಳೆಯಬೇಕು ಎಂದುಕೊಂಡಿದ್ದಳು. ಬಿಡುವು ಹೋಯಿತು. ಪಾಳಿಗೆ ಅರವತ್ತು ಕರೆ ಹಿಡಿಯುತ್ತಿದ್ದವರಿಗೆ ನೂರಹತ್ತು ಬಂದವು. ಈಗ ಭಾರವೇ ಇಲ್ಲವಲ್ಲ ಎಂದರು ಮೇಲಿನವರು.

ಆ ಬುಧವಾರ ಸಿಬ್ಬಂದಿ ಅಧಿಕಾರಿ ಮುನವಳ್ಳಿ ಅವಳ ಮೇಜಿಗೆ ಒಂದು ನಮೂನೆ ಕಳಿಸಿದರು. ರೇಷ್ಮಾ ನದಾಫ್ ಎಂಬ ಇಪ್ಪತ್ತಾರರ ಹುಡುಗಿಯ ಹೆಸರಿನಲ್ಲಿತ್ತು. ಮೂರು ವಾರದಿಂದ ಅವಳು ಕೆಲಸಕ್ಕೆ ಬಂದಿರಲಿಲ್ಲ. ನಮೂನೆಯಲ್ಲಿ ಒಂದೇ ಸಾಲು ಮುಖ್ಯ: "ಹಿತವಾಣಿ ಅಳವಡಿಸಿದ ನಂತರ ಈ ನೌಕರಳ ಮಾನಸಿಕ ತೊಂದರೆಗೆ ಕೆಲಸದ ಸ್ಥಳದಲ್ಲಿ ಯಾವ ಕಾರಣವೂ ಇರುವುದಿಲ್ಲ." ಅದರ ಕೆಳಗೆ ಮೇಲ್ವಿಚಾರಕಿ ಸಹಿ ಮಾಡಬೇಕು. ಸಹಿಯಾದರೆ ಕಾಯಿಲೆ ಮನೆಯದು ಎಂದಾಗುತ್ತದೆ. ಔಷಧವೂ ಇಲ್ಲ, ರಜೆಯೂ ಇಲ್ಲ, ನೌಕರಿಯೂ ಇಲ್ಲ. ಶನಿವಾರ ಮಧ್ಯಾಹ್ನ ಎರಡರೊಳಗೆ ಕೊಡಬೇಕೆಂದು ಪೆನ್ಸಿಲಿನಲ್ಲಿ ಬರೆದಿದ್ದರು.

ಪಾಳಿ ಮುಗಿದದ್ದೇ ಕಸ್ತೂರಿ ಹಳೇ ಹುಬ್ಬಳ್ಳಿಯಲ್ಲಿರುವ ರೇಷ್ಮಾಳ ಮನೆಗೆ ಹೋದಳು.

ಓಣಿಯ ತಿರುವಿನಲ್ಲೇ ಆ ಮನೆಯ ಗದ್ದಲ ಕೇಳಿಸುತ್ತಿತ್ತು. ರೇಷ್ಮಾಳ ಅಣ್ಣ ಗಾದಿ ಮಾಡುವವನು. ಮುಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಯಂತ್ರ ಭರ್ರೆಂದು ತಿರುಗುತ್ತಿತ್ತು. ಕಸ್ತೂರಿ ಇಣುಕಿ ನೋಡಿದಳು. ಯಂತ್ರದೊಳಗೆ ಹತ್ತಿಯೇ ಇರಲಿಲ್ಲ, ಖಾಲಿ ತಿರುಗುತ್ತಿತ್ತು. ಮೇಲೆ ರೇಡಿಯೋ, ಒಳಗೆ ಪಾತ್ರೆಗಳ ಸದ್ದು.

"ಬರ್ರಿ ಅಕ್ಕಾರ," ಎಂದು ರೇಷ್ಮಾಳ ತಾಯಿ ಮಾಬೂಬಿ ಜಗಳಕ್ಕೆ ಕರೆದವಳ ಹಾಗೆ ಕೂಗಿದಳು. "ಚಾ ಕುಡೀತೀರೇನ್ರಿ?"

"ಬ್ಯಾಡವಾ, ಈಗರ ಕುಡದೇನಿ," ಎಂದಳು ಕಸ್ತೂರಿ ಎಂದಿನ ದನಿಯಲ್ಲಿ.

ಮೂಲೆಯಲ್ಲಿ ಗಾದಿಗಳ ರಾಶಿಗೆ ಒರಗಿ ಕೂತಿದ್ದ ರೇಷ್ಮಾ ಬೆಚ್ಚಿ ಎರಡೂ ಕಿವಿ ಮುಚ್ಚಿಕೊಂಡಳು. ಮಾಬೂಬಿ ಕಸ್ತೂರಿಯ ಮೊಣಕೈ ಹಿಡಿದು ಪಕ್ಕಕ್ಕೆಳೆದಳು.

"ಜೋರಾಗಿ ಮಾತಾಡ್ರಿ ಅಕ್ಕಾರ. ಮೆತ್ತಗ ಮಾತಾಡಿದ್ರ ಆಕಿಗೆ ತಡಕೊಳ್ಳಾಕ ಆಗೂದಿಲ್ಲ. ಮೊನ್ನೆ ನಾನು 'ಊಟಕ್ಕ ಬಾ' ಅಂತ ಸಮಾಧಾನದಿಂದ ಕರದೆ. 'ಯಾರು ಸತ್ರಬೇ' ಅಂತ ಚಿಟ್ಟನ ಚೀರಿದಳು. ಆವತ್ತಿನಿಂದ ಮನ್ಯಾಗ ಎಲ್ಲಾರೂ ಒದರಾಡ್ತೀವಿ. ಬಾಜೂ ಮನಿಯವರು ನಮ್ಮ ಮನ್ಯಾಗ ಆಸ್ತಿ ಜಗಳ ನಡದೈತಿ ಅಂತ ತಿಳಕೊಂಡಾರ. ನಮಗೆಲ್ಲಿ ಆಸ್ತಿ ಐತಿ, ಬರೇ ಹತ್ತಿ."

ಕಸ್ತೂರಿ ರೇಷ್ಮಾಳ ಎದುರು ಕೂತು, ಹೊಲದ ಆ ತುದಿಯವರನ್ನು ಕರೆಯುವಷ್ಟು ಜೋರಾಗಿ ಕೇಳಿದಳು. "ಏನಾತು ತಂಗಿ?"

ರೇಷ್ಮಾ ಕಿವಿಯಿಂದ ಕೈ ತೆಗೆದಳು. ಸಣ್ಣಗಾಗಿದ್ದಳು. ಅವಳೂ ಕೂಗಿಯೇ ಹೇಳಿದಳು. "ಅಕ್ಕಾರ, ಅಳೂದನ್ನ ತಗದ್ರು, ಮಾತು ಉಳೀತಲ್ರಿ. 'ನನ್ನ ಕೂಸು ನೀರಾಗ ಬೋರಲ ಬಿದ್ದೈತಿ' ಅಂತ ಒಬ್ಬಾಕಿ ಹೇಳಿದಳು. ಗದಗ ಬಸ್ ಎಷ್ಟಕ್ಕ ಐತಿ ಅಂತ ಕೇಳಿದಂಗ ಹೇಳಿದಳು. ಮೊದಲು ಅಳೋ ದನಿ ಕೇಳಿದ್ರ ಅಂಜಿಕಿ ಬರ್ತಿತ್ತು, ಅತ್ತು ಮುಗದ ಮ್ಯಾಲ ಹೋಗ್ತಿತ್ತು. ಈಗ ಯಾರು ಮೆತ್ತಗ ಮಾತಾಡಿದ್ರೂ ಅಂಜಿಕಿ ಬರ್ತೈತಿ. ಜಗತ್ತಿನಾಗ ಮೆತ್ತಗ ಮಾತಾಡವ್ರೇ ಜಾಸ್ತಿ ಅದಾರಲ್ರಿ, ನಾ ಎಲ್ಲಿ ಹೋಗಲಿ?"

"ಮ್ಯಾಲ ಹೇಳಬೇಕಿಲ್ಲ ನೀನು? ನನಗರ ಹೇಳಬೇಕಿಲ್ಲ?"

"ನಿಮಗ ಹೇಳಿದ್ನೆಲ್ರಿ. 'ಜರಡಿ ಬಂದೈತಲ್ಲ, ಇನ್ನೇನ ತ್ರಾಸ ನಿನಗ' ಅಂದ್ರಿ." ರೇಷ್ಮಾ ತಪ್ಪು ಹೊರಿಸುವವಳ ಹಾಗೆ ಹೇಳಲಿಲ್ಲ, ನಡೆದದ್ದನ್ನು ಹೇಳಿದಳು. "ಆಮ್ಯಾಲ ನೌಕರದಾರ ಅಹವಾಲಿನ ಲೈನಿಗೆ ಏಳು ಸಲ ಫೋನ್ ಮಾಡೀನಿ. ಅತ್ತೀನಿ, ಕೈ ಮುಗದೀನಿ. ಮುನವಳ್ಳಿ ಸರ ಪ್ರತಿ ಸಲ 'ಬಾಳ ಚೊಲೋ ರೀತಿ ಹೇಳಿದ್ರಿ, ಪರಿಶೀಲಿಸ್ತೀವಿ' ಅಂದ್ರು. ಅವರು ನನ್ನ ಚಾಷ್ಟಿ ಮಾಡಾಕತ್ತಾರೇನೋ ಅಂತ ಅನಸ್ತು. ಏಳನೇ ಸಲದ ಮ್ಯಾಲ ಬಿಟ್ಟೆ."

ಕಸ್ತೂರಿಯ ಪರ್ಸಿನಲ್ಲಿ ಮಡಚಿದ ನಮೂನೆ ಇತ್ತು. ತೆಗೆಯಲಿಲ್ಲ. ಹೊರಡುವಾಗ ಮಾಬೂಬಿ ಬಾಗಿಲಲ್ಲಿ ನಿಂತು, ಈ ಸಲ ನಿಜವಾಗಿಯೂ ಮೆತ್ತಗೆ ಕೇಳಿದಳು. "ಅಕ್ಕಾರ, ನೌಕರಿ ಉಳೀತೈತೇನ್ರಿ? ಉಳಿಯದಿದ್ರ ಹೋಗಲಿ. ಕಾಯಿಲಿ ಮನೀದು ಅಂತ ಬರೀತಾರಂತ ಆಫೀಸಿನವರು, ಹಂಗ ಬರದ್ರ ಮಾತ್ರ ಆಕಿ ಉಳಿಯೂದಿಲ್ಲ."

ಮನೆಯಲ್ಲಿ ಗಂಡ ಫಕ್ಕೀರಪ್ಪ ಗೂಡ್ಸ್ ಟೆಂಪೊ ತೊಳೆದು ನಿಲ್ಲಿಸಿ ಚುರುಮುರಿ ಗಿರ್ಮಿಟ್ ಕಟ್ಟಿಸಿಕೊಂಡು ಬಂದಿದ್ದ. ಕಸ್ತೂರಿ ಪೊಟ್ಟಣ ಬಿಚ್ಚಿ ಎರಡು ತುತ್ತು ತಿಂದಳು. ಶೇಂಗಾ ಕಾಳು ಬೆರಳಿಗೆ ಸಿಕ್ಕಿದ್ದೇ ಕೈ ನಿಂತಿತು.

"ಯಾಕ, ಖಾರ ಜಾಸ್ತಿ ಆಗೈತೇನ?" ಎಂದ ಫಕ್ಕೀರಪ್ಪ.

"ಹೋದ ತಿಂಗಳು ಡ್ಯೂಟಿ ಮ್ಯಾಲ ಗಿರ್ಮಿಟ್ ತಿನ್ನಾಕತ್ತಿದ್ದೆ. ಒಬ್ಬಾಕಿ ಫೋನ್ ಮಾಡಿದಳು. ಮಗ ಟ್ರ್ಯಾಕ್ಟರ್ ಕೆಳಗ ಸಿಕ್ಕಾನ, ಮಾತಾಡವಲ್ಲ ಅಂದಳು. ನಾ ಊರು ಕೇಳಿದೆ, ಗಾಡಿ ಕಳಿಸಿದೆ, ಎಲ್ಲಾ ಬರೋಬ್ಬರಿ ಮಾಡಿದೆ. ಮಾಡ್ಕೋತ ಶೇಂಗಾ ಆರಿಸಿ ಆರಿಸಿ ತಿಂದೆ. ನನ್ನ ಕೈ ನಿಲ್ಲಲಿಲ್ಲ ನೋಡ್ರಿ."

ಫಕ್ಕೀರಪ್ಪ ಪೊಟ್ಟಣ ಬದಿಗೆ ಸರಿಸಿ ಹೇಳಿದ. "ನೀ ರಾತ್ರಿ ಎದ್ದು ಕುಂಡ್ರೂದು ಬಿಟ್ಟಿ ಅಂತ ನಾ ಖುಷಿಯಾಗಿದ್ದೆ. ಆದರ ನಮ್ಮ ಅಕ್ಕ ತೀರಿಕೊಂಡಾಗ ನೀ ಏನ ಅಂದಿ ನೆನಪೈತೇನ? ನಾ ಫೋನಿನಾಗ ಅಳಾಕತ್ತಿದ್ದೆ. ನೀ, 'ವಿಳಾಸ ಹೇಳ್ರಿ' ಅಂದಿ."

ಅವಳಿಗೆ ನೆನಪಿರಲಿಲ್ಲ. ಗಾಯಕ್ಕೆ ಮುಲಾಮು ಕೇಳಿದವರಿಗೆ ಚರ್ಮವನ್ನೇ ಸುಲಿದು, ಇನ್ನು ನೋಯುವುದಿಲ್ಲ ಎಂದಿದ್ದರು. ಸುಲಿಸಿಕೊಂಡವಳು ತಾನೇ ಕಾಯಿ ಒಡೆದಿದ್ದಳು.

ಗುರುವಾರ ಚಹಾದ ಹೊತ್ತಿಗೆ ಅವಳು ಯಂತ್ರದ ಕೋಣೆಗೆ ಹೋದಳು. ಅಲ್ಲಿ ಎಂಜಿನಿಯರ್ ಸಿದ್ರಾಮ ಸ್ವೆಟರ್ ಹಾಕಿಕೊಂಡು ಕೂತಿದ್ದ. ಹೊರಗೆ ಉರಿ ಬಿಸಿಲು, ಒಳಗೆ ಜರಡಿಗಾಗಿ ಚಳಿಗಾಲ. ಹಿತ್ತಲಿನ ನಲ್ಲಿಯ ಪೈಪು ಗೋಡೆ ತೂರಿ ಬಂದು ಯಂತ್ರದ ಹೊಟ್ಟೆಗೆ ಸೇರಿತ್ತು.

"ಸಿದ್ರಾಮ, ಒಂದು ಮಾತು ಕೇಳ್ತೇನಿ. ಮುನವಳ್ಳಿ ಸಾಹೇಬರಿಗೆ ಕಿವಿ ಸರಿ ಐತೇನಪಾ? ಒಬ್ಬ ಹುಡುಗಿ ಏಳು ಸಲ ಅತ್ರೂ ಅವರಿಗೆ ಕೇಳಿಸಿಲ್ಲ."

ಸಿದ್ರಾಮ ನಕ್ಕ. "ಹೆಂಗ ಕೇಳಿಸಬೇಕ್ರಿ ಅಕ್ಕಾರ? ಅಹವಾಲಿನ ಲೈನಿಗೂ ಜರಡಿ ಹಾಕೇವಲ್ರಿ."

"ಅಹವಾಲಿನ ಲೈನಿಗೂ?" ಎಂದಳು ಕಸ್ತೂರಿ.

"ನಿಮಗ ಗೊತ್ತಿಲ್ಲೇನ್ರಿ? ಒಂದು ವರ್ಷ ಆತು. ನೌಕರದಾರು ಫೋನಿನಾಗ ಒದರಾಡ್ತಾರ, ಅಳ್ತಾರ, ಅದರಿಂದ ಸಿಬ್ಬಂದಿ ವಿಭಾಗದವರ ಮನಸ್ಸಿನ ಮ್ಯಾಲ ಪರಿಣಾಮ ಆಗತೈತಿ ಅಂತ ಮುಖ್ಯ ಕಚೇರಿಯಿಂದ ಆರ್ಡರ್ ಬಂತ್ರಿ. ಅವರೂ ನೌಕರದಾರೇ ಅಲ್ರಿ, ಅವರಿಗೂ ಮನಸ್ಸೈತಿ." ಅವಳ ಮುಖ ನೋಡಿ ಅವನ ನಗು ಕಡಿಮೆಯಾಯಿತು. "ಅದಾದ ಮ್ಯಾಲ ದೂರು ಕೊಡೋ ರೀತಿ ಬಾಳ ಸುಧಾರಿಸೈತಿ ಅಂತ ವರದಿನೂ ಹೋಗೈತ್ರಿ ಮ್ಯಾಲ."

"ರೇಷ್ಮಾನ ಮೂಲ ದನಿ ಐತೇನು?"

"ಐತ್ರಿ. ಏಳೂ ಅದಾವ. ಆದರ ಸಾಹೇಬರ ಅಪ್ಪಣೆ ಇಲ್ಲದ ನಾ ತಗಿಯಂಗಿಲ್ಲ ಅಕ್ಕಾರ. ನನ್ನ ಕೈ ಕಟ್ಟಿ ಹಾಕ್ಯಾರ."

"ನಿನ್ನ ಕೈ ನಿನ್ನ ಕಡೇನ ಇರಲಿ," ಎಂದಳು ಕಸ್ತೂರಿ. "ಸಾಹೇಬರೇ ಬಂದು ಕೇಳಿದರ ಕೊಡು."

ಶುಕ್ರವಾರ ಅವಳು ಮೇಲಿನ ಮಹಡಿಗೆ ಹೋದಳು. ಫೋನ್ ಮಾಡಲಿಲ್ಲ. ಎದುರಿಗೆ ನಿಂತು ಮಾತಾಡಿದರೆ ನಡುವೆ ಯಂತ್ರ ಇರುವುದಿಲ್ಲವೆಂಬುದಷ್ಟೇ ಅವಳ ಲೆಕ್ಕ.

ಮುನವಳ್ಳಿ ಕೆಟ್ಟ ಮನುಷ್ಯರಲ್ಲ. ಐವತ್ತೈದು ದಾಟಿದವರು, ಹಬ್ಬಕ್ಕೆ ಎಲ್ಲರಿಗೂ ಕೈಯಾರೆ ಪೇಡೆ ಹಂಚುವವರು. ಕೆಟ್ಟವರಾಗಿದ್ದರೆ ಸಿಟ್ಟು ಸುಲಭವಾಗುತ್ತಿತ್ತು. ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ರೇಷ್ಮಾ ಏಳು ಸಲ ನಿಮಗ ಏನ ಹೇಳಿದಳು ಸರ?"

"ಏಳೂ ಕೇಳೇನಿ ಕಸ್ತೂರಿ ಅವರ, ನಾ ತಪ್ಪಿಸಿಲ್ಲ. ಬರದೂ ಇಟ್ಟೇನಿ." ಅವರು ಡೈರಿ ತೆಗೆದು ಓದಿದರು. "'ಸರ, ನನಗ ಆಗವಲ್ದು. ಬಾವಿ ಕಟ್ಟಿ ಮ್ಯಾಲ ನಿಂತಂಗ ಆಗತೈತಿ. ಎರಡು ದಿನ ರಜಾ ಕೊಡ್ರಿ, ಯಾರಾದರೂ ಡಾಕ್ಟರಿಗೆ ತೋರಿಸ್ರಿ.' ಭಾಳ ಶಾಂತವಾಗಿ ಹೇಳಿದಳು. ಬಸ್ ಪಾಸ್ ಕೇಳಿದಂಗ ಕೇಳಿದಳು. ಅವಸರ ಐತಿ ಅಂತ ನನಗ ಅನಸಲಿಲ್ಲ."

"ಮಾತು ಮಾತೇ ಅಲ್ರಿ ಸರ? ಬಾವಿ ಕಟ್ಟಿ ಅಂದಾಳ. ನಿಮ್ಮ ಕೈಯಾಗ ನೀವ ಬರದೀರಿ."

"ಮಾತು ಎಲ್ಲಾರೂ ಆಡ್ತಾರ."

"ನಿಮ್ಮ ಲೈನಿಗೆ ಜರಡಿ ಐತಿ ಅಂತ ಗೊತ್ತಿತ್ತೇನ್ರಿ ನಿಮಗ?"

ಮುನವಳ್ಳಿ ಕನ್ನಡಕ ತೆಗೆದು ಒರೆಸಿದರು. "ಗೊತ್ತಿತ್ತು," ಎಂದರು. "ಮೊದಲ ವಾರ ಗೊತ್ತಿತ್ತು. ಆಮೇಲೆ ಮರತೆ."

ಕಸ್ತೂರಿಗೆ ಅವರ ಮೇಜಿನ ಮೇಲಿದ್ದ ಎಲ್ಲವನ್ನೂ ಎತ್ತಿ ಬಿಸಾಡಬೇಕೆನಿಸಿತು. ಅದೇ ಕ್ಷಣ ಶೇಂಗಾ ಆರಿಸುತ್ತಿದ್ದ ತನ್ನ ಬೆರಳುಗಳೂ ಕಣ್ಣ ಮುಂದೆ ಬಂದವು. ಅದರಿಂದ ಸಿಟ್ಟು ಕಡಿಮೆಯಾಗಲಿಲ್ಲ, ಎರಡಾಯಿತು.

"ಆಕಿ ಮೂಲ ದನಿ ಒಂದ ಸಲ ಕೇಳ್ರಿ. ಕೇಳಿದ ಮ್ಯಾಲ ನೀವು ಹೇಳಿದಲ್ಲಿ ಸಹಿ ಮಾಡ್ತೇನಿ."

"ನನಗ ಅದೆಲ್ಲ ಕೇಳಾಕ ಆಗೂದಿಲ್ಲವಾ. ಬಿಪಿ ಐತಿ, ಡಾಕ್ಟರ್ ಬ್ಯಾಡ ಅಂದಾರ."

"ನಿಮ್ಮ ಬಿಪಿಗೆ ಡಾಕ್ಟರ್ ಅದಾನ. ಆಕಿಗೆ ಜರಡಿ."

"ಕಸ್ತೂರಿ ಅವರ," ಎಂದು ಮುನವಳ್ಳಿ ನಮೂನೆಯತ್ತ ಬೆರಳು ತೋರಿಸಿದರು. ಅವರ ದನಿ ಈಗ ಅಧಿಕಾರಿಯದು. "ನಾಳೆ ಎರಡರೊಳಗ ಇದು ನನ್ನ ಮೇಜಿನ ಮ್ಯಾಲ ಇರಬೇಕು. ನೀವು ಮಾಡದಿದ್ರ ಮಧ್ಯಾಹ್ನದ ಪಾಳಿಯವರು ಮಾಡ್ತಾರ. ಆಮೇಲೆ ನಿಮ್ಮದೂ ಒಂದು ನಮೂನೆ ಬರತೈತಿ. ಆ ಯಂತ್ರಕ್ಕ ಆಗಲಿ ಅಂತ ಸಹಿ ಹಾಕಿದವರು ನೀವ ಅನ್ನೂದು ನೆನಪಿರಲಿ."

"ಅದಕ್ಕ ಬಂದೇನಿ," ಎಂದಳು ಕಸ್ತೂರಿ. "ಆ ಸಹಿ ಬೇರೆಯವರದಾಗಿದ್ರ ನಾ ಮನ್ಯಾಗ ಮಲಗಿರ್ತಿದ್ದೆ."

ಶನಿವಾರ ಬೆಳಿಗ್ಗೆ ಆರಕ್ಕೆ ಫಕ್ಕೀರಪ್ಪನ ಟೆಂಪೊ ಕೇಂದ್ರದ ಮುಂದೆ ನಿಂತಿತು. ಅದರಲ್ಲಿ ಅವರ ಬಚ್ಚಲಿನ ತಾಮ್ರದ ಹಂಡೆ ಇತ್ತು. ಇಬ್ಬರೂ ಅದನ್ನು ಮೆಟ್ಟಿಲ ಮೇಲೆ ಹತ್ತಿಸಿ ಮುನವಳ್ಳಿಯವರ ಬಾಗಿಲ ಎದುರು ಇಟ್ಟರು. ಕೊಡದಿಂದ ನೀರು ತುಂಬಿಸಿ, ಪಕ್ಕದಲ್ಲಿ ಒಂದು ತಂಬಿಗೆ ಇಟ್ಟು, ಒಂದು ಬೇವಿನ ಟೊಂಗೆ ಹಾಕಿದರು. ಸಾವಿನ ಮನೆಯ ಬಾಗಿಲಲ್ಲಿ ಇಡುವಂಥದ್ದು ಅದು. ನೋಡಿದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪಾಳಿಯವರನ್ನು ನಿಲ್ಲಿಸಿಕೊಂಡು ಕಸ್ತೂರಿ ಹೇಳಿದಳು. "ಹಳೇ ನೇಮ ಇವತ್ತಿಂದ ಚಾಲೂ. ಜೀವ ಹೋದ ಕರಿ ಹಿಡದವರು ಮ್ಯಾಲ ಹೋಗಿ ಕಾಲು ತೊಳಕೊಂಡು ಬರ್ರಿ. ಬಾಜೂದವರು ಲೈನ್ ಹಿಡೀರಿ. ಇಬ್ಬರು ಒಂದ ಸಲಕ್ಕ ಏಳಬ್ಯಾಡ್ರಿ. ಫೋನ್ ಮಾಡಿದವರು ಒಬ್ಬರರ ಕಾದರು ಅಂದ್ರ ನಮ್ಮ ಜುಟ್ಟು ಕಂಪನಿ ಕೈಯಾಗ ಸಿಕ್ಕಂಗ. ಒಂದು ಕರಿನೂ ಕಾಯಬಾರದು."

"ಮಾತಾಡಂಗಿಲ್ಲೇನ್ರಿ ಮ್ಯಾಲ?" ಎಂದು ಒಬ್ಬಳು ಕೇಳಿದಳು. "ನನಗ ನಾಕ ಮಾತು ಬೈಬೇಕಾಗೈತಿ ಅವರಿಗೆ."

"ಮಾತಾಡಬ್ಯಾಡ್ರಿ. ಮಾತು ಅವರಿಗೆ ರೂಢಿ ಆಗೈತಿ. ನೀರು ಹಾಕ್ರಿ."

ಮುನವಳ್ಳಿ ಒಂಬತ್ತಕ್ಕೆ ಬಂದರು. ಹಂಡೆ ಕಂಡು ನಿಂತರು. ಅಷ್ಟರಲ್ಲಾಗಲೇ ಬಾಗಿಲ ಮುಂದೆ ನೀರು ನಿಂತಿತ್ತು. ಬೂಟು ನೆನೆಯದಂತೆ ದಾಟಿ ಒಳಗೆ ಹೋಗಿ ಕಾವಲುಗಾರನನ್ನು ಕರೆಸಿದರು.

"ಇದನ್ನ ತಗೀರಿ ಇಲ್ಲಿಂದ."

ಕಾವಲುಗಾರ ಹಂಡೆ ನೋಡಿದ, ಬೇವು ನೋಡಿದ. "ಹೆಣದ ನೀರಿನ ಹಂಡೇರಿ ಅದು. ನಾ ಮುಟ್ಟೂದಿಲ್ರಿ ಸಾಹೇಬ್ರ. ಮನ್ಯಾಗ ಸೊಸಿ ಬಸರಿ ಅದಾಳ."

ಕಸ ಹೊಡೆಯುವವಳನ್ನು ಕರೆಸಿದರು. ಆಕೆ ದೂರದಿಂದಲೇ ಕೈ ಮುಗಿದು ಹೋದಳು. ಜವಾನನಿಗೆ ಇದ್ದಕ್ಕಿದ್ದಂತೆ ಸೊಂಟ ಹಿಡಿಯಿತು. ಕಸ್ತೂರಿ ನಂಬಿದ್ದು ಇದನ್ನೇ. ಹುಬ್ಬಳ್ಳಿಯಲ್ಲಿ ಆ ಹಂಡೆ ಎತ್ತಿಡುವ ಕೈಯನ್ನು ಯಾವ ಕಂಪನಿಯೂ ನೇಮಿಸಿಕೊಂಡಿರಲಿಲ್ಲ. ಕೊನೆಗೆ ಉಳಿದದ್ದು ಮುನವಳ್ಳಿಯವರ ಕೈ ಮಾತ್ರ. ಅವರೂ ಇದೇ ಊರಿನ ಅನ್ನ ಉಂಡು ಬೆಳೆದವರು. ಹೊಸ್ತಿಲವರೆಗೆ ಬಂದು, ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡರು.

ಬಾಗಿಲು ಹಾಕಿಕೊಂಡರು. ಬಾಗಿಲಿನ ಕೆಳಗಿನ ಸಂದಿಯಿಂದ ನೀರು ಒಳಗೆ ಬಂತು.

ಒಬ್ಬಳು ಬಂದಳು, ಕಾಲಿನ ಮೇಲೆ ತಂಬಿಗೆ ನೀರು ಸುರಿದುಕೊಂಡಳು, ಹೋದಳು. ಮಾತಿಲ್ಲ. ಹತ್ತು ಗಂಟೆಗೆ ಇನ್ನೊಬ್ಬಳು. ಹತ್ತೂಕಾಲಿಗೆ ಗಂಡಸೊಬ್ಬ, ಪ್ಯಾಂಟು ಮಡಚಿಕೊಂಡು. ಒಬ್ಬಳು ತಂಬಿಗೆಯನ್ನು ಕೈಯಲ್ಲೇ ಹಿಡಿದು ಬಹಳ ಹೊತ್ತು ನಿಂತಳು. ಅವಳು ಏನು ಕೇಳಿ ಬಂದಿದ್ದಳೋ ಒಳಗಿದ್ದವರಿಗೆ ಗೊತ್ತಾಗುವಂತಿರಲಿಲ್ಲ. ನೀರು ಬೀಳುವುದು ಮಾತ್ರ ಕೇಳುತ್ತಿತ್ತು. ಆ ಸದ್ದಿಗೆ ಜರಡಿ ಇರಲಿಲ್ಲ.

ಹನ್ನೆರಡೂವರೆಗೆ ಹಂಡೆಯ ತಳ ಕಂಡಿತು. ಫಕ್ಕೀರಪ್ಪ ಎರಡು ಕೊಡ ನೀರು ತಂದು ತುಂಬಿದ. ಒಳಗೆ ಮುನವಳ್ಳಿಯವರ ಜಮಖಾನೆ ಮೇಜಿನವರೆಗೂ ತೊಯ್ದಿತ್ತು. ಒಂದು ಗಂಟೆಗೆ ಅವರು ಬಾಗಿಲು ತೆರೆದು, ಯಾರನ್ನೂ ನೋಡದೆ, ಮೆಟ್ಟಿಲಿಳಿದು ಯಂತ್ರದ ಕೋಣೆಗೆ ಹೋದರು.

ಸಿದ್ರಾಮ ಆಮೇಲೆ ಹೇಳಿದ. ಅವರು ಬಂದು, ನಾನು ಬಂದಾಗಿನಿಂದ ಎಷ್ಟು ಸಲ ನೀರು ಬಿತ್ತು ಗೊತ್ತೇನು ನಿನಗೆ ಎಂದು ಕೇಳಿದರಂತೆ. ಇಲ್ಲ ಎಂದನಂತೆ. ಹತ್ತೊಂಬತ್ತು ಎಂದರಂತೆ. ರೇಷ್ಮಾಳ ಏಳನೇ ಕರೆಯ ಮೂಲ ದನಿ ಹಾಕು ಎಂದರಂತೆ. ಅದು ಎರಡೂವರೆ ನಿಮಿಷದ್ದು. ಒಂದನೇ ನಿಮಿಷಕ್ಕೇ ಅವನಿಗೆ ಕೇಳಲಾಗದೆ ಹೊರಗೆ ಬಂದು ನಿಂತನಂತೆ. ಸಾಹೇಬರು ಪೂರ್ತಿ ಕೇಳಿದರಂತೆ. ಆಮೇಲೆ ಒಂದನೆಯದು ಹಾಕು ಎಂದರಂತೆ.

ಎರಡಕ್ಕೆ ಐದು ನಿಮಿಷ ಇರುವಾಗ ಅವರು ಮೇಲೆ ಬಂದರು. ಪಾಳಿ ಬದಲಾಗುವ ಹೊತ್ತು. ಹೋಗುವವರು, ಬರುವವರು ಮೆಟ್ಟಿಲ ಮೇಲೆಲ್ಲ ನಿಂತಿದ್ದರು. ಮುನವಳ್ಳಿಯವರ ಮುಖ ಬೂದಿಯಾಗಿತ್ತು. ಹಂಡೆಯ ಮುಂದೆ ನಿಂತು ಬೂಟು ಬಿಚ್ಚಿದರು, ಕಾಲುಚೀಲ ತೆಗೆದು ಬೂಟಿನೊಳಗೆ ತುರುಕಿದರು. ಪ್ಯಾಂಟು ಮೇಲೆತ್ತಿ ತಂಬಿಗೆಯಲ್ಲಿ ನೀರು ತುಂಬಿ ಎರಡೂ ಪಾದಗಳ ಮೇಲೆ ಸುರಿದುಕೊಂಡರು.

ಕೆಲವರ ಕಣ್ಣು ಒದ್ದೆಯಾಯಿತು. ಕಸ್ತೂರಿಯದು ಆಗಲಿಲ್ಲ.

"ಕಾಲು ತೊಳಕೊಂಡ್ರ ಸಾಲದು ಸರ," ಎಂದಳು. "ಅದು ಕೆಲಸ ಮುಗದ ಮ್ಯಾಲ ತೊಳಕೊಳ್ಳೂದು. ಕೆಲಸ ಇನ್ನೂ ಐತಿ."

ನಮೂನೆ ಅವರ ಮುಂದೆ ಹಿಡಿದಳು. ಕಂಪನಿ ಅಚ್ಚು ಹಾಕಿಸಿದ್ದ ಸಾಲಿನ ಮೇಲೆ ಗೀಟು ಎಳೆದು, ತನ್ನ ಕೈಯಲ್ಲಿ ಬೇರೆ ಬರೆದಿದ್ದಳು. ಈ ನೌಕರಳ ಕಾಯಿಲೆಗೆ ಕಾರಣ ಈ ಕೆಲಸ, ಮತ್ತು ಈ ಕೆಲಸಕ್ಕೆ ನಾವು ಕಟ್ಟಿದ ಯಂತ್ರ. ಅದಕ್ಕೆ ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬಳು. ಕೆಳಗೆ ಅವಳ ಸಹಿ ಇತ್ತು. ಅದರ ಜೊತೆ ಇನ್ನೊಂದು ಹಾಳೆ: ರೇಷ್ಮಾಗೆ ಗುಣವಾಗುವವರೆಗೆ ಸಂಬಳದ ರಜೆ ಮತ್ತು ಕಂಪನಿಯ ಖರ್ಚಿನಲ್ಲಿ ಡಾಕ್ಟರು, ಎಲ್ಲರಿಗೂ ಹತ್ತು ನಿಮಿಷ, ಹಿತ್ತಲಿಗೆ ನಲ್ಲಿ. ಕರೆ ಹಿಡಿಯುವವರ ಕಿವಿಯ ಜರಡಿ ಬೇಕಾದವರಿಗೆ ಬೇಕಾದಾಗ, ಬೇಡವಾದವರಿಗೆ ಬೇಡ. ಅಹವಾಲಿನ ಲೈನಿನ ಜರಡಿ ಇವತ್ತೇ ಬಂದ್.

"ಮುಖ್ಯ ಕಚೇರಿಯವರು ಒಪ್ಪೂದಿಲ್ಲ," ಎಂದರು ಮುನವಳ್ಳಿ. ದನಿ ಒಡೆದಿತ್ತು.

"ಅವರ ಬಾಗಿಲಿಗೂ ಹಂಡೆ ಹಿಡಸ್ತೈತಿ. ನಮ್ಮವರ ಟೆಂಪೊ ಐತಿ."

"ನನ್ನ ನೌಕರಿ ಹೋಗತೈತಿ ಕಸ್ತೂರಿ ಅವರ."

"ಹೋಗಬಹುದು," ಎಂದಳು ಅವಳು. "ಹೋದರ ನಮಗ ಫೋನ್ ಮಾಡ್ರಿ. ನಾವು ಕೇಳಿಸಿಕೊಳ್ತೀವಿ."

ಮುನವಳ್ಳಿ ಒದ್ದೆ ಕಾಲಿನಲ್ಲೇ ನಿಂತು, ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಮಾಡಿದರು. ಬೆರಳಿನ ನೀರು ತಾಗಿ ಸಹಿಯ ಕೊನೆ ಸ್ವಲ್ಪ ಹರಡಿತು.

ಹಂಡೆ ಅಲ್ಲೇ ಇರಲಿ, ಹಿತ್ತಲಿನಲ್ಲಿ ನೀರು ಬಂದ ದಿನ ಒಯ್ಯುತ್ತೇನೆ ಎಂದು ಹೇಳಿ ಕಸ್ತೂರಿ ಕೆಳಗಿಳಿದಳು. ಫಕ್ಕೀರಪ್ಪ ಟೆಂಪೊದಲ್ಲಿ ಕಾಯುತ್ತಿದ್ದ. ಮನೆಗಾ ಎಂದು ಕೇಳಲಿಲ್ಲ, ನೇರ ಹಳೇ ಹುಬ್ಬಳ್ಳಿಗೆ ತಿರುಗಿಸಿದ.

ರೇಷ್ಮಾಳ ಮನೆಯ ಮುಂದೆ ಹತ್ತಿಯ ಖಾಲಿ ಯಂತ್ರ ಇನ್ನೂ ಭರ್ರೆನ್ನುತ್ತಿತ್ತು. ಮಾಬೂಬಿ ಬಾಗಿಲಿಗೆ ಬಂದು ಕಣ್ಣಲ್ಲೇ ಕೇಳಿದಳು. ಒಳಗೆ ಗಾದಿಗಳ ನಡುವೆ ರೇಷ್ಮಾ ತಲೆ ಎತ್ತಿದಳು.

"ಸಹಿ ಆತು," ಎಂದು ಕಸ್ತೂರಿ ಕೂಗಿದಳು. "ಕಾಯಿಲಿ ನಿಂದಲ್ಲ, ಅವರದು ಅಂತ ಬರದು ಸಹಿ ಹಾಕಿಸೇನಿ."

ರೇಷ್ಮಾಳಿಗೆ ಕೇಳಿಸಿತು. ಮುಖ ಸಡಿಲಾಯಿತು. ಸುದ್ದಿ ಅಷ್ಟೇ ಇತ್ತು, ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಶುರುವಾದ ಮೇಲೆ ಕಸ್ತೂರಿಗೆ ನಿಲ್ಲಿಸಲಾಗಲಿಲ್ಲ. ಜರಡಿಗೆ ಬೈದಳು, ಪೈಪಿಗೆ ಬೈದಳು, ಪರಿಶೀಲಿಸುತ್ತೇವೆ ಎಂದವರಿಗೆ ಬೈದಳು, ಕಾಯಿ ಒಡೆದ ತನ್ನ ಕೈಗೆ ಬೈದಳು. ಟ್ರ್ಯಾಕ್ಟರಿನ ಕೆಳಗೆ ಸಿಕ್ಕ ಆ ಹುಡುಗನ ಹೆಸರು ತಾನು ಕೇಳಲೇ ಇಲ್ಲ ಎಂದು ಕೂಗುವಾಗ ಅವಳ ದನಿ ಬಿರಿದು ಬಿಕ್ಕಾಯಿತು. ಬಾಜೂ ಮನೆಯವರು ಕಿಟಕಿಗೆ ಬಂದರು. ಫಕ್ಕೀರಪ್ಪ ಹೊರಗೆ ಟೆಂಪೊಗೆ ಒರಗಿ ನಿಂತು, ಹದಿನಾಲ್ಕು ತಿಂಗಳ ಮೇಲೆ ಹೆಂಡತಿ ಅಳುವುದನ್ನು ಕೇಳುತ್ತಿದ್ದ.

ರೇಷ್ಮಾ ಎದ್ದು ಬಂದು ಹತ್ತಿಯ ಯಂತ್ರದ ಸ್ವಿಚ್ ಆರಿಸಿದಳು. ಆ ಅಳು ಸರಿಯಾಗಿ ಕೇಳಿಸಲೆಂದು.